ಬಾರ್ನಬೆ ಯಜಮಾನರು ಮತ್ತು ತೂಲೋನಿನ ಆಲೂಗಡ್ಡೆ

ಫೋರ್ತುನೆ ಗಾರ್ಸಾನ್ ಬೆಳಿಗ್ಗೆ ಏಳು ಗಂಟೆಗೆ ತನ್ನ ಊಟದ ಮನೆಯ ಬಾಗಿಲು ತೆಗೆದಾಗ ಹೊಸ್ತಿಲಲ್ಲಿ ಒಂದು ಮೂಟೆ ಕೂತಿತ್ತು. ಅದರ ಕೊರಳಿಗೆ ಕಟ್ಟಿದ್ದ ಚೀಟಿಯಲ್ಲಿ ಅವನ ಅಣ್ಣನ ಕಾಗೆ ಕಾಲು ಗುಬ್ಬಿ ಕಾಲಿನ ಅಕ್ಷರ: "ತಮ್ಮಾ, ಇವತ್ತು ನಿನಗೆ ಪರೀಕ್ಷೆ ಅಂತ ಗೊತ್ತು. ಅಡುಗೆಗೆ ಕಡಿಮೆ ಬೀಳಬಾರದು ಅಂತ ಮೊದಲ ಬಸ್ಸಿಗೇ ಹಾಕಿಸಿದ್ದೀನಿ." ಮೂಟೆಯ ತುಂಬ ಆಲೂಗಡ್ಡೆ.

ಅಣ್ಣ ಒಳ್ಳೆಯವನು. ಒಳ್ಳೆಯವರಿಂದ ಆಗುವಷ್ಟು ಅನಾಹುತ ಕೆಟ್ಟವರಿಂದ ಆಗುವುದಿಲ್ಲ ಬಿಡಿ. ಅವನಿಗೆ ತೂಲೋನಿನಲ್ಲಿ ಆಲೂಗಡ್ಡೆ ಮಂಡಿ. ಆ ಊರಿನವರು ಈ ಕರಾವಳಿಯ ಮೀನಿನ ಸಾರಾದ ಬೂಯಬೆಸ್‌ಗೆ ಆಲೂಗಡ್ಡೆ ಹಾಕುತ್ತಾರೆ. ಮಾರ್ಸೇಯಿನವರಾದ ನಾವು ಹಾಕುವುದಿಲ್ಲ. ಮೀನು, ಟೊಮೇಟೊ, ಬೆಳ್ಳುಳ್ಳಿ, ಸೋಂಪಿನ ಸೊಪ್ಪು, ಕಿತ್ತಳೆ ಸಿಪ್ಪೆ, ಕೇಸರಿ, ಅಷ್ಟೇ. ಕುದಿ ಬಂದ ಕೂಡಲೇ ಉರಿ ಇಳಿಸಬೇಕು. ಕುದಿಸು, ಇಳಿಸು ಎಂಬುದೇ ಆ ಹೆಸರಿನ ಅರ್ಥ. ಅದರಲ್ಲಿ ಗಡ್ಡೆಗೆ ಎಲ್ಲಿದೆ ಜಾಗ? ಎರಡೂ ಊರಿನ ನಡುವೆ ಬಸ್ಸಿನಲ್ಲಿ ಒಂದೂವರೆ ಗಂಟೆಯ ದಾರಿ. ಆದರೂ ಈ ಗಡ್ಡೆಯ ಕಾರಣಕ್ಕೆ ಹೆಣ್ಣು ಕೊಡುವಾಗ, ತರುವಾಗ ಎರಡೂ ಕಡೆಯವರು ಹಿಂದೆಮುಂದೆ ನೋಡುತ್ತಾರೆ.

ಫೋರ್ತುನೆ ಹುಟ್ಟಿದ್ದು ತೂಲೋನಿನಲ್ಲಿ. ನಮ್ಮ ಪೋರ್ ಮುರೇನಿನ ಡೆಲ್ಫೀನಳನ್ನು ಮದುವೆಯಾಗಿ, ಮಾರ್ಸೇಯಿನ ಅಂಚಿನ ಬಂಡೆಗಳ ಸಂದಿಯಲ್ಲಿರುವ ಈ ಬೆಸ್ತರ ಕೇರಿಗೆ ಬಂದು ಹನ್ನೊಂದು ವರ್ಷವಾಗಿತ್ತು. ಇಷ್ಟಾದರೂ ಕೇರಿಯವರು ಅವನನ್ನು ಕರೆಯುತ್ತಿದ್ದದ್ದು "ಗಡ್ಡೆ" ಎಂದೇ. ಡೆಲ್ಫೀನಳನ್ನು "ಗಡ್ಡೆ ಹೆಂಡತಿ" ಎನ್ನುತ್ತಿದ್ದರು. ಅವಳಿಗೆ ಅದು ಚುಚ್ಚುತ್ತಿತ್ತು.

ನಮ್ಮ ಕೇರಿಯಲ್ಲಿ ಬೂಯಬೆಸ್ ಎಂಬ ಪದವನ್ನು ಬಾಯಲ್ಲಿ ಯಾರು ಬೇಕಾದರೂ ಹೇಳಬಹುದು. ಬೋರ್ಡಿನ ಮೇಲೆ ಬರೆಸಬೇಕಾದರೆ ಮಾತ್ರ ಬೆಸ್ತರ ಪಂಚಾಯಿತಿಯ ಹನ್ನೆರಡು ಜನ ಬಂದು ಉಂಡು, ಯಜಮಾನ ಬಾರ್ನಬೆ ಓಲಿವ್ ಕಾಗದಕ್ಕೆ ಸಹಿ ಹಾಕಬೇಕು. ಒಬ್ಬನಿಗೆ ಮೂರು ಅವಕಾಶ. ಮೂರರಲ್ಲೂ ಬಿದ್ದರೆ ಮತ್ತೆ ಕೇಳುವ ಹಾಗಿಲ್ಲ. ಫೋರ್ತುನೆ ಎರಡು ಸಲ ಬಿದ್ದಿದ್ದ. ಅವನ ಬೋರ್ಡಿನ ಮೇಲೆ "ಮೀನಿನ ಸಾರು" ಎಂದಷ್ಟೇ ಇತ್ತು, ಪಟ್ಟಣದಿಂದ ಇಷ್ಟು ದೂರ ಬಂದು ಮೀನಿನ ಸಾರು ಕುಡಿಯುವ ಮೂರ್ಖರು ಯಾರೂ ಇರಲಿಲ್ಲ.

ಡೆಲ್ಫೀನ್ ಅವತ್ತು ಬೆಳಿಗ್ಗೆ ಗುಡ್ಡದ ಮೇಲಿನ ಇಗರ್ಜಿಯ ಮಾತೆಗೆ ಮೇಣದಬತ್ತಿ ಹಚ್ಚಲು ಹೊರಡುವ ಮುಂಚೆ ಹೇಳಿದ್ದಳು: "ಸಹಿ ಬಿದ್ರೆ ಸಂಜೆಗೇ ಬೋರ್ಡ್ ಬರೆಸೋಣ. ಬೀಳ್ಲಿಲ್ಲ ಅಂದ್ರೆ ಬಾಗಿಲು ಹಾಕಿಬಿಡೋಣ. ನೀನು ನಿಮ್ಮಣ್ಣನ ಮಂಡಿಗೆ ಹೋಗು, ನಾನು ನಮ್ಮಕ್ಕನ ಮನೆಗೆ ಹೋಗ್ತೀನಿ. ಜಗಳ ಆಡ್ತಿಲ್ಲ ನಾನು. ಸಾಕಾಗಿದೆ ಅಷ್ಟೇ."

ಜಗಳ ಆಡಿದ್ದರೆ ಅವನಿಗೆ ಅಷ್ಟು ಭಯವಾಗುತ್ತಿರಲಿಲ್ಲ. ಅವಳಿಲ್ಲದೆ ಒಂದು ದಿನ ಬದುಕುವುದೂ ಅವನಿಗೆ ಬೇಕಿರಲಿಲ್ಲ. ಆ ಬೆಳಗಿನಲ್ಲಿ, ಈ ಮೂಟೆ.

ಸಮುದ್ರದಿಂದ ಮಂಜು ಎದ್ದು ಕೇರಿಯನ್ನು ನುಂಗಿತ್ತು. ಎದುರು ಮನೆಯ ಗೋಡೆ ಕಾಣುತ್ತಿರಲಿಲ್ಲ. ಗಾಳಿ ಒಂದಿಷ್ಟೂ ಇಲ್ಲ, ಆದರೂ ಕೊಲ್ಲಿಯ ಬಾಯಲ್ಲಿ ದೋಣಿಗಳಿಗೆ ದಾರಿ ತೋರಿಸಲು ತೇಲಬಿಟ್ಟ ಗಂಟೆ ಆಗೊಮ್ಮೆ ಈಗೊಮ್ಮೆ ತಾನಾಗಿ ಬಡಿದುಕೊಳ್ಳುತ್ತಿತ್ತು. ಫೋರ್ತುನೆ ಮೂಟೆಯನ್ನು ಒಳಗೆ ಎಳೆಯಲು ಬಗ್ಗಿದ್ದೇ ತಡ, ಮಂಜಿನೊಳಗಿಂದ ಮೀನಿನ ಬುಟ್ಟಿ, ಅದರ ಹಿಂದೆ ಮೀನು ಮಾರುವ ನೊರೀನಕ್ಕ ಹೊರಬಂದಳು. ಅವನು ಗಬಕ್ಕನೆ ಮೂಟೆಯ ಮೇಲೆ ಕೂತುಬಿಟ್ಟ.

"ಏನಯ್ಯ ಗಡ್ಡೆ, ಬಾಗಿಲಲ್ಲಿ ಕೂತಿದ್ದೀಯ. ಹೆಂಡ್ತಿ ಆಚೆ ಹಾಕಿದ್ಲಾ?"

"ಗಾಳಿ ತಗೊಳ್ತಿದ್ದೀನಿ ನೊರೀನಕ್ಕ."

"ಗಾಳಿ ಎಲ್ಲಿದೆ ಇವತ್ತು?" ಅವಳು ಬುಟ್ಟಿ ಇಳಿಸಿದಳು. ಕೆಂಪು ಮುಳ್ಳಿನ ಕುರೂಪಿ ರಸ್ಕಾಸ್ ಮೀನುಗಳು ಬಾಯಿ ತೆರೆದುಕೊಂಡು ಅವನನ್ನೇ ನೋಡುತ್ತಿದ್ದವು. "ಮುಳ್ಳಿನ ಮೀನು ಆರು, ಹಾವುಮೀನು ಎರಡು, ಉಳಿದಿದ್ದು ಕೆಳಗಿದೆ. ಅದಿರ್ಲಿ, ಕುಂಡೆ ಕೆಳಗೆ ಏನದು?"

"ಇದ್ದಿಲು."

"ಗ್ಯಾಸ್ ಒಲೆ ಇಟ್ಕೊಂಡು ಇದ್ದಿಲು ಯಾಕೆ?"

"ಗ್ಯಾಸ್ ಖಾಲಿಯಾದ್ರೆ ಅಂತ."

ಅವಳು ಮೂಗು ಅರಳಿಸಿ ಒಮ್ಮೆ ಮೂಸಿ ನೋಡಿ, ಮತ್ತೇನೂ ಹೇಳದೆ ಮಂಜಿನೊಳಗೆ ಹೋದಳು. ನೊರೀನಕ್ಕ ಏನೂ ಹೇಳದೆ ಹೋದಳೆಂದರೆ ಅರ್ಧ ಗಂಟೆಯಲ್ಲಿ ಕೇರಿಗೆಲ್ಲ ಹೇಳುತ್ತಾಳೆ ಎಂದೇ ಲೆಕ್ಕ. ಫೋರ್ತುನೆ ಏಳಬೇಕೆನ್ನುವಷ್ಟರಲ್ಲಿ ಪಂಚಾಯಿತಿಯ ಗುಮಾಸ್ತ ಸಿಪ್ರಿಯೆನ್ ಬಂದ. ಮೀನಿನ ಜಾತಿ ಎಣಿಸುವುದು ಅವನ ಕೆಲಸ. ಎಣಿಸಿ, ಪುಸ್ತಕದಲ್ಲಿ ಗುರುತು ಹಾಕಿಕೊಂಡು, ಕನ್ನಡಕದ ಮೇಲಿಂದ ನೋಡಿದ.

"ಪಂಚಾಯಿತಿಯೋರು ಬಂದ್ರೆ ಎದ್ದು ನಿಲ್ಲೋ ಪದ್ಧತಿ ನಿಮ್ಮ ತೂಲೋನಲ್ಲಿ ಇಲ್ವೇನಯ್ಯ?"

"ಕಾಲು ಹಿಡ್ಕೊಂಡಿದೆ ಸ್ವಾಮಿ. ಕ್ಷಮಿಸಿ."

"ನೆನಪಿಟ್ಕೋ, ಇದು ಕೊನೇ ಸಲ. ಹನ್ನೊಂದಕ್ಕೆ ನಾವೆಲ್ಲ ಮೇಲೆ ಹೋಗಿ ಯಜಮಾನ್ರನ್ನ ಕರ್ಕೊಂಡು ಹನ್ನೆರಡಕ್ಕೆ ಇಲ್ಲಿರ್ತೀವಿ. ಅವರ ನಾಯಿ ಬೇರೆ ಬೆಳಗಿನಿಂದ ಊಳಿಡ್ತಿದೆ. ಮಂಜಿಗೋ ಏನೋ."

ಅವನು ಹೋದ ಮೇಲೆ ಫೋರ್ತುನೆ ಒಂದು ಕ್ಷಣವೂ ಕಾಯಲಿಲ್ಲ. ಮೂಟೆಯನ್ನು ಹೆಗಲಿಗೆ ಹಾಕಿಕೊಂಡು ದೋಣಿಕಟ್ಟೆಯ ತುದಿಗೆ ಓಡಿ, ಅಣ್ಣನಿಗೆ ಮನಸ್ಸಿನಲ್ಲೇ ಕ್ಷಮೆ ಕೇಳಿ, ನೀರಿಗೆ ನೂಕಿದ. ಮೂಟೆ ಗುಳುಂ ಎಂದು ಮುಳುಗಿತು. ಗುಳ್ಳೆಗಳು ನಿಲ್ಲುವವರೆಗೂ ನೋಡಿದ. ಹಗುರಾಗಿ ಮನೆಗೆ ಬಂದು ಈರುಳ್ಳಿ ಹೆಚ್ಚಲು ಕೂತ.

ಹತ್ತು ಗಂಟೆಗೆ ಅಡುಗೆಮನೆಯ ಕಿಟಕಿಯ ಕಟ್ಟೆ ಮೇಲೆ ಒಂದು ಆಲೂಗಡ್ಡೆ ಇತ್ತು. ಒದ್ದೆಯಾಗಿತ್ತು. ನೆಕ್ಕಿ ನೋಡಿದ, ಉಪ್ಪು. ಸಮುದ್ರದ ನೀರು.

ಕಿಟಕಿಯಿಂದ ತಲೆ ಹೊರಹಾಕಿ ನೋಡಿದರೆ ಬರೀ ಮಂಜು. "ಯಾರದು?" ಎಂದ. ನೊರೀನಕ್ಕನ ಕಿತಾಪತಿಯೇ ಇರಬೇಕೆಂದು ಬೈದುಕೊಂಡು ಅದನ್ನು ಬೀಸಿ ಎಸೆದ. ನೀರಿಗೆ ಬಿದ್ದ ಸದ್ದು ಕೇಳಿಸಿತು. ಕಾಲು ಗಂಟೆಯಲ್ಲಿ ಅದು ಮತ್ತೆ ಕಟ್ಟೆಯ ಮೇಲಿತ್ತು, ಈ ಸಲ ಜೊತೆಗೆ ಇನ್ನೊಂದು. ಎರಡನ್ನೂ ಎಸೆದ. ಕಿಟಕಿಗೆ ಬೆನ್ನು ಹಾಕದೆ, ಕಣ್ಣು ಮಿಟುಕಿಸದೆ ಕಾದು ಕೂತ. ಬೆಳ್ಳುಳ್ಳಿ ಸೀಯುವ ವಾಸನೆ ಬಂತು. ಒಲೆಯ ಕಡೆ ತಿರುಗಿ ಬಾಣಲೆ ಎತ್ತಿಟ್ಟು ನೋಡಿದರೆ ಕಟ್ಟೆಯ ಮೇಲೆ ಮೂರು ಆಲೂಗಡ್ಡೆ ಸಾಲಾಗಿ ಕೂತಿದ್ದವು. ಮತ್ತೆ ಎಸೆಯುವ ಧೈರ್ಯ ಅವನಿಗೆ ಬರಲಿಲ್ಲ. ಮೇಲೊಂದು ಬಟ್ಟೆ ಮುಚ್ಚಿದ.

ಹನ್ನೊಂದೂವರೆಗೆ ಮುಂಬಾಗಿಲು ತೆರೆಯಿತು. ಒಳಗೆ ಬಂದವರು ಬಾರ್ನಬೆ ಯಜಮಾನರು, ಒಬ್ಬರೇ. ಮಲಗುವ ಅಂಗಿಯ ಮೇಲೆ ಹಬ್ಬದ ಕಪ್ಪು ಕೋಟು ತೊಟ್ಟಿದ್ದರು. ಬರಿಗಾಲು. ಹೊರಗೆ ನೆಲವೆಲ್ಲ ತೊಯ್ದಿದ್ದರೂ ಕಾಲು ಒಣಗಿತ್ತು. ಒಲೆಯ ಬುಡದಲ್ಲಿ ಮಲಗಿದ್ದ ಬೆಕ್ಕು ಎದ್ದು ಬೀರುವಿನ ತುದಿಗೆ ಹತ್ತಿ ಕೂತಿತು. ಎಂಬತ್ತನಾಲ್ಕು ವರ್ಷದ ಮುದುಕರಿಗೆ ಬಟ್ಟೆಯ ನೆನಪು ತಪ್ಪುವುದು ಸಹಜ ಎಂದುಕೊಂಡ ಫೋರ್ತುನೆ, ಕುರ್ಚಿ ಎಳೆದು ಒರೆಸಿದ.

"ಬನ್ನಿ ಯಜಮಾನ್ರೇ. ಉಳಿದೋರು?"

"ಅವರು ನಮ್ಮನೇಲಿ ಸೇರಿದ್ದಾರೆ. ಭಾರೀ ಗಲಾಟೆ. ನಾನು ಎದ್ದು ಬಂದೆ." ಯಜಮಾನರು ಮೇಜಿನ ತಲೆಯಲ್ಲಿ ಕೂತರು. ಹನ್ನೊಂದು ವರ್ಷದಲ್ಲಿ ಅವರು ಫೋರ್ತುನೆಯ ಜೊತೆ ಇಷ್ಟು ಮಾತಾಡಿದ್ದು ಇದೇ ಮೊದಲು. "ಬಾಗಿಲಿಗೆ ಅಗಳಿ ಹಾಕು. ಪಾತ್ರೆ ಇಟ್ಟಿದ್ದೀಯಾ?"

"ಇಟ್ಟಿದ್ದೀನಿ."

"ಕಿಟಕೀಲಿ ಮೂರು ಇಟ್ಟಿದ್ನಲ್ಲ. ಸಿಪ್ಪೆ ತೆಗೆದು ದಪ್ಪಗೆ ಹೆಚ್ಚಿ ಹಾಕು. ಮೂರು ಸಲ ನೀರಿಗಿಳಿಸಿದೆ ನನ್ನ, ಈ ವಯಸ್ಸಲ್ಲಿ."

ಫೋರ್ತುನೆ ಸಂಚು ಅರ್ಥವಾಯಿತು ಎಂದುಕೊಂಡ. ನೊರೀನಕ್ಕ ಹೇಳಿದ್ದಾಳೆ, ಇವರು ಪರೀಕ್ಷೆಗೆ ಬಂದಿದ್ದಾರೆ. ಅವನು ಎರಡೂ ಕೈ ಕಟ್ಟಿ ನಿಂತ.

"ಹಾಕಲ್ಲ ಯಜಮಾನ್ರೇ. ನಾನು ತೂಲೋನಿನವನೇ, ಒಪ್ತೀನಿ. ಆದ್ರೆ ಈ ಊರಿನ ಬೂಯಬೆಸ್‌ಗೆ ಗಡ್ಡೆ ಹಾಕಲ್ಲ. ಪ್ರಾಣ ಹೋದ್ರೂ ಹಾಕಲ್ಲ."

"ಪ್ರಾಣ ಹೋದ್ರೆ ಹಾಕಬಹುದು ಕಣೋ," ಎಂದರು ಯಜಮಾನರು. "ಅದೊಂದು ಅನುಕೂಲ."

ಹೊರಗೆ ತೇಲುಗಂಟೆ ಒಮ್ಮೆ ಬಡಿಯಿತು. ಯಜಮಾನರು ಕೈಗಳನ್ನು ಮೇಜಿನ ಮೇಲೆ ಚಾಚಿ, ಅವನ್ನೇ ನೋಡುತ್ತ ಮೆಲ್ಲಗೆ ಮಾತಾಡಿದರು.

"ನಮ್ಮಮ್ಮ ತೂಲೋನಿನೋಳು. ಯಾರಿಗೂ ಗೊತ್ತಿಲ್ಲ. ಬಾಗಿಲು ಹಾಕ್ಕೊಂಡು ಮಾಡೋಳು, ನನಗೂ ಅವಳಿಗೂ ಮಾತ್ರ. ನನಗೆ ಏಳು ವರ್ಷ ಇದ್ದಾಗ ನಮ್ಮತ್ತೆಯಂದಿರು ನೋಡ್ಬಿಟ್ರು. ಪಾತ್ರೆ ಸಮೇತ ಎತ್ತಿ ಸಮುದ್ರಕ್ಕೆ ಹಾಕಿದ್ರು. ಅವತ್ತಿಂದ ಅಮ್ಮ ಆ ಅಡುಗೆ ಮಾಡ್ಲಿಲ್ಲ. ನಾನೂ ಬಾಯಿ ಬಿಡ್ಲಿಲ್ಲ. ಎಪ್ಪತ್ತೇಳು ವರ್ಷ, ಗಡ್ಡೆ. ಕಂಡೋರ ಮನೇಲೆಲ್ಲ ಉಂಡು, ಇದು ಅಪ್ಪಟ, ಇದು ಅಲ್ಲ ಅಂತ ತೀರ್ಪು ಕೊಡ್ತಾ ಕೂತಿದ್ದೆ. ಒಂದು ಸಲಾನೂ ಹೊಟ್ಟೆ ತುಂಬ್ಲಿಲ್ಲ."

ಯಜಮಾನರ ಕಣ್ಣಿಂದ ನೀರಿಳಿಯುತ್ತಿತ್ತು. ಪರೀಕ್ಷೆ ಮಾಡಲು ಬಂದವರು ಹೀಗೆ ಅಳುವುದಿಲ್ಲ. ಫೋರ್ತುನೆ ಮೂರೂ ಗಡ್ಡೆಯ ಸಿಪ್ಪೆ ತೆಗೆದ. ಹೋಳುಗಳು ಮೊದಲು, ಮೇಲೆ ಗಟ್ಟಿ ಮೀನು, ಆಮೇಲೆ ಮೆತ್ತನೆಯ ಮೀನು. ಬೂಯಬೆಸ್ ದಡಬಡ ಕುದಿಯತೊಡಗಿತು. ಕೇಸರಿ, ಸೋಂಪಿನ ಘಮ ಮನೆ ತುಂಬಿತು. ಹಿಂದಿನ ಎರಡು ಸಲವೂ ಅವನು ಎಡವಿದ್ದು ಇಲ್ಲೇ. ಉರಿ ಇಳಿಸುವ ಗಳಿಗೆ ಅವನಿಗೆ ಯಾವತ್ತೂ ತಿಳಿಯುತ್ತಿರಲಿಲ್ಲ.

"ಈಗ," ಎಂದರು ಯಜಮಾನರು, ಕಣ್ಣು ಮುಚ್ಚಿಕೊಂಡೇ. ಅವನು ಇಳಿಸಿದ.

ಬಟ್ಟಲಿನಿಂದ ಎದ್ದ ಆವಿ ಯಜಮಾನರ ಮುಖದ ಹತ್ತಿರ ಹೋಗಿ ಎರಡಾಗಿ ಸೀಳಿ ಅತ್ತಿತ್ತ ಸರಿಯಿತು. ಅವರು ಮೀನನ್ನು ಮುಟ್ಟಲಿಲ್ಲ. ಹಳದಿ ಹಿಡಿದಿದ್ದ ಹೋಳುಗಳನ್ನು ಒಂದೊಂದಾಗಿ ಬೆರಳಲ್ಲೇ ತೆಗೆದು ಬಾಯಿಗಿಟ್ಟುಕೊಂಡರು. ಎರಡು ಬಟ್ಟಲು. ಕೊನೆಗೆ, "ಕಾಗದ ತಾ," ಎಂದರು.

ಬರೆದು, ಓದಿ, ಮೀನಿನ ಬಾಲದ ಹಾಗೆ ಕವಲೊಡೆದ ಆ ಪ್ರಸಿದ್ಧ ಸಹಿಯನ್ನು ಎಳೆದರು. ಫೋರ್ತುನೆ ಅವರ ಕೈ ಹಿಡಿದು ಕಣ್ಣಿಗೊತ್ತಿಕೊಂಡ. ಮೀನುಪೇಟೆಯ ಐಸಿನಂಥ ಕೈ.

"ಅಯ್ಯೋ, ಎಷ್ಟು ತಣ್ಣಗಿದೆ. ಒಂದು ನಿಮಿಷ ಇರಿ, ಬ್ರಾಂದಿ ತರ್ತೀನಿ," ಎಂದು ನೆಲಮಾಳಿಗೆಗೆ ಇಳಿದ. ಮೇಲೆ ಬಂದರೆ ಕುರ್ಚಿ ಖಾಲಿ. ಬಾಗಿಲ ಅಗಳಿ ಒಳಗಿನಿಂದ ಹಾಕಿದ ಹಾಗೇ ಇತ್ತು. ಅವನು ಅಗಳಿಯನ್ನೂ ಕುರ್ಚಿಯನ್ನೂ ನೋಡುತ್ತ ನಿಂತಿರುವಾಗಲೇ ಯಾರೋ ಬಾಗಿಲು ಬಡಿದರು.

ಹನ್ನೊಂದು ಜನ ಟೋಪಿ ಕೈಯಲ್ಲಿ ಹಿಡಿದು ಮಂಜಿನಲ್ಲಿ ನಿಂತಿದ್ದರು. ಮುಂದೆ ಸಿಪ್ರಿಯೆನ್.

"ಗಡ್ಡೆ, ಇವತ್ತು ಊಟ ಇಲ್ಲ. ಯಜಮಾನ್ರು ಹೋಗ್ಬಿಟ್ರು."

"ಹೌದು ಸ್ವಾಮಿ, ಈಗ ತಾನೇ ಹೋದ್ರು. ನಾನು ಬ್ರಾಂದಿ ತರೋದ್ರೊಳಗೆ. ಬಾಗಿಲಿಗೆ ಅಗಳಿ ಹಾಕಿದ ಹಾಗೇ ಇತ್ತು."

"ಬೆಳಿಗ್ಗೆ ಆರಕ್ಕೆ ಹೋದ್ರು ಅಂತಾರೆ ಡಾಕ್ಟ್ರು. ನಾವು ಹೋಗಿ ನೋಡಿದಾಗ ಹಾಸಿಗೇಲಿ ಕಟ್ಟಿಗೆ ಹಾಗೆ ಮಲಗಿದ್ರು. ಹಬ್ಬದ ಕೋಟು ಹಾಕಿ ಮಲಗಿಸಿ ಬಂದಿದ್ದೀವಿ."

ಬ್ರಾಂದಿ ಬಾಟಲಿ ಕೈಯಿಂದ ಜಾರಿ ಒಡೆಯಿತು. ಫೋರ್ತುನೆ ಮೇಜಿನ ಮೇಲಿದ್ದ ಕಾಗದದ ಕಡೆ ಕೈ ತೋರಿಸಿದ. ಹನ್ನೊಂದು ಜನವೂ ಒಳಗೆ ಬಂದು ಕಾಗದದ ಮೇಲೆ ಬಗ್ಗಿದರು. ಖಾಲಿ ಬಟ್ಟಲನ್ನು ನೋಡಿದರು, ಬೀರುವಿನ ಮೇಲೆ ಬಾಲ ದಪ್ಪ ಮಾಡಿಕೊಂಡಿದ್ದ ಬೆಕ್ಕನ್ನು ನೋಡಿದರು.

ನೀವಾಗಿದ್ದರೆ ಹೆದರಿ ಓಡುತ್ತಿದ್ದಿರಿ. ನಮ್ಮವರು ಹಾಗಲ್ಲ. ಊಟದ ವಿಷಯದಲ್ಲಿ ಅವರಿಗೆ ಯಾವುದೂ ಅಸಾಧ್ಯ ಅನ್ನಿಸುವುದಿಲ್ಲ.

"ಸಹಿ ಅವರದೇ," ಎಂದ ಒಬ್ಬ.

"ಶಾಯಿ ಇನ್ನೂ ಆರಿಲ್ಲ," ಎಂದ ಇನ್ನೊಬ್ಬ.

"ಬಂದಿರ್ತಾರೆ. ಕರೆದ ಊಟಾನ ಆ ಮನುಷ್ಯ ಯಾವತ್ತು ತಪ್ಪಿಸಿದ್ರು?"

ಸಿಪ್ರಿಯೆನ್ ಪುಸ್ತಕ ತಿರುವಿ ಹಾಕಿದ. "ಯಜಮಾನ್ರು ಸಹಿ ಹಾಕ್ಬೇಕು ಅಂತಿದೆ. ಜೀವ ಇರ್ಬೇಕು ಅಂತ ಎಲ್ಲೂ ಬರೆದಿಲ್ಲ. ನಡೆಯುತ್ತೆ."

ಫೋರ್ತುನೆಯ ಕಣ್ಣಲ್ಲಿ ನೀರು ಬಂತು. ಹೆದರಿಕೆಯೆಲ್ಲ ಹಾರಿಹೋಯಿತು. ಡೆಲ್ಫೀನ್ ಬೋರ್ಡಿನ ಮುಂದೆ ನಿಂತು ನಗುವುದು ಕಣ್ಣಿಗೆ ಕಟ್ಟಿತು. ಸಿಪ್ರಿಯೆನ್ ಗಂಟಲು ಸರಿಮಾಡಿಕೊಂಡು ಕಾಗದವನ್ನು ಗಟ್ಟಿಯಾಗಿ ಓದಿದ:

"ಇದು ಅಪ್ಪಟ ಬೂಯಬೆಸ್. ಇದರಲ್ಲಿ ಆಲೂಗಡ್ಡೆ ಇದೆ. ಇರಲೇಬೇಕು."

ಹಿಂದಿದ್ದ ಒಬ್ಬ ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡ. ಇನ್ನೊಬ್ಬ ಬಾಗಿಲ ಕಡೆ ಹಿಂದೆ ಹಿಂದೆ ಸರಿದ. ಸಿಪ್ರಿಯೆನ್ ಸೌಟು ತೆಗೆದುಕೊಂಡು ಪಾತ್ರೆಯೊಳಗೆ ಕದಡಿದ. ಒಂದು ಹಳದಿ ಹೋಳು ತೇಲಿ ಬಂದು ಮಗುಚಿಕೊಂಡಿತು.

"ನೋಡು ಗಡ್ಡೆ," ಎಂದ ಅವನು, ಬಹಳ ತಗ್ಗಿದ ದನಿಯಲ್ಲಿ. "ಯಜಮಾನ್ರು ಸತ್ತ ಮೇಲೆ ಎದ್ದು ನಡ್ಕೊಂಡು ಬಂದ್ರು ಅಂದೆ. ನಂಬಿದ್ವಿ. ಹಾಕಿದ ಅಗಳಿಯೊಳಗಿಂದ ಹೋದ್ರು ಅಂತೀಯ. ಅದನ್ನೂ ನಂಬ್ತೀವಿ. ಬಾರ್ನಬೆ ಓಲಿವ್ ಆಲೂಗಡ್ಡೆ ತಿಂದ್ರು ಅಂದ್ರೆ ನಂಬೋಕೆ ನಮಗೇನು ಬುದ್ಧಿ ಕೆಟ್ಟಿದೆಯಾ? ಬಂದಿದ್ದು ಅವರಲ್ಲ. ಅವರ ವೇಷದಲ್ಲಿ ತೂಲೋನಿನ ಯಾವುದೋ ದೆವ್ವ ಬಂದಿದೆ."

"ಅವರೇ ಬಂದಿದ್ರು ಸ್ವಾಮಿ. ಅವರಮ್ಮ..."

ಹನ್ನೊಂದು ಜೊತೆ ಕಣ್ಣು ಅವನ ಮೇಲೆ ನಿಂತವು. ಇನ್ನೊಂದು ಮಾತು ಹೇಳಿದ್ದರೆ ಅವನು ಬಚಾವಾಗುತ್ತಿದ್ದನೋ ಏನೋ. ಆದರೆ ಎಪ್ಪತ್ತೇಳು ವರ್ಷ ಒಬ್ಬ ಮುದುಕ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಮಾತು ಅದು. ಹೆಣ ಇನ್ನೂ ಮನೆಯಲ್ಲಿರುವಾಗ ಅದನ್ನು ಬಯಲಿಗೆ ಹಾಕಲು ಫೋರ್ತುನೆಗೆ ಮನಸ್ಸಾಗಲಿಲ್ಲ.

"ಅವರಮ್ಮ ಏನು?"

"ಏನಿಲ್ಲ."

"ತೀರ್ಪು ಸಂಜೆ ಕಳಿಸ್ತೀವಿ. ಈಗ ಹೆಣದ ಹತ್ರ ಕೂತ್ಕೋಬೇಕು." ಸಿಪ್ರಿಯೆನ್ ಕಾಗದವನ್ನು ಎರಡು ಬೆರಳಲ್ಲಿ, ಸತ್ತ ಇಲಿಯನ್ನು ಹಿಡಿದ ಹಾಗೆ ಎತ್ತಿಕೊಂಡು ಹೋದ.

ಹದಿನೈದು ನಿಮಿಷ ಕಳೆದಿರಬಹುದು. ಹಿಂಬಾಗಿಲು ಮೆಲ್ಲಗೆ ಕಿರುಗುಟ್ಟಿತು. ಬಂದವನು ಸಿಪ್ರಿಯೆನ್, ಕಾಲರು ಎತ್ತಿ ಮುಖ ಮುಚ್ಚಿಕೊಂಡಿದ್ದ.

"ರುಚಿ ನೋಡ್ದೆ ತೀರ್ಪು ಬರೆದ್ರೆ ಅನ್ಯಾಯ ಆಗುತ್ತೆ," ಎಂದ. "ಒಂದು ಹೋಳು ಸಾಕು. ನಾನು ಬಂದಿದ್ದು ಯಾರಿಗೂ ಹೇಳ್ಬೇಡ."

ಅವನು ಒಂದು ಬಟ್ಟಲು ತಿಂದ. ಅವನು ಹೋಗಿ ಹತ್ತು ನಿಮಿಷಕ್ಕೆ ಇನ್ನೊಬ್ಬ ಬಂದ. "ದೆವ್ವ ಹೌದೋ ಅಲ್ವೋ ಅಂತ ನೋಡ್ಬೇಕಲ್ಲಪ್ಪ," ಎಂದ, ಬ್ರೆಡ್ಡು ತಾನೇ ತಂದಿದ್ದ. ಮೂರನೆಯವನು ಕಾರಣ ಕೂಡ ಹೇಳಲಿಲ್ಲ, ಬಟ್ಟಲು ಚಾಚಿದ. ಹೆಣದ ಹತ್ತಿರದಿಂದ ಒಬ್ಬೊಬ್ಬರಾಗಿ ಎದ್ದು, ಒಬ್ಬರಿಗೊಬ್ಬರು ಎದುರಾಗದ ಹಾಗೆ ಬೇರೆ ಬೇರೆ ಓಣಿ ಹಿಡಿದು, ಹನ್ನೊಂದು ಜನವೂ ಬಂದರು. ಕೊನೆಯವನು ಪಾತ್ರೆಯ ತಳವನ್ನು ಬ್ರೆಡ್ಡಿನಿಂದ ಒರೆಸಿ, ಬೆರಳು ನೆಕ್ಕಿ ಹೋದ.

ಫೋರ್ತುನೆಗೆ ಆಸೆ ಚಿಗುರಿತು. ಇಷ್ಟು ತಿಂದವರು ಇಲ್ಲ ಎಂದು ಹೇಗೆ ಬರೆಯುತ್ತಾರೆ? ಮೇಜು ಒರೆಸಿದ, ಕೂದಲು ಬಾಚಿಕೊಂಡ, ಬೋರ್ಡು ಬರೆಯುವವನಿಗೆ ಯಾವ ಬಣ್ಣ ಹೇಳುವುದೆಂದು ಯೋಚಿಸಿದ.

ಐದು ಗಂಟೆಗೆ ಮಂಜು ಕರಗಿ ಬಿಸಿಲು ಬಿತ್ತು. ಡೆಲ್ಫೀನ್ ಗುಡ್ಡದಿಂದ ಇಳಿದು ಬಂದವಳು ಬಾಗಿಲಲ್ಲೇ ಬಗ್ಗಿ, ಸಂದಿಯಿಂದ ಯಾರೋ ತೂರಿಸಿದ್ದ ಕಾಗದ ಎತ್ತಿಕೊಂಡಳು. ಅವಳು ಓದುವುದನ್ನೇ ಅವನು ನೋಡುತ್ತಿದ್ದ.

"ಆಲೂಗಡ್ಡೆ ಸೇರಿಸಿದ ಕಾರಣ ಮೂರನೆಯ ಸಲವೂ ತಿರಸ್ಕರಿಸಲಾಗಿದೆ," ಎಂದು ಓದಿದಳು. "ಸರ್ವಾನುಮತದಿಂದ."

ಅವನು ಬಂದು ಅವಳ ಹೆಗಲ ಮೇಲಿಂದ ನೋಡಿದ. ಪ್ರತಿಯೊಂದು ಸಹಿಯ ಪಕ್ಕದಲ್ಲೂ ಎಣ್ಣೆ ಮತ್ತು ಕೇಸರಿಯ ಹಳದಿ ಬೆರಳ ಕಲೆ ಇತ್ತು. ಅದನ್ನು ನೋಡಿ ಅವನಿಗೆ ನಗು ಬರಬೇಕಿತ್ತು, ಅಳು ಬಂತು.

"ಹನ್ನೊಂದು ಜನಾನೂ ತಿಂದು ಹೋದ್ರು ಡೆಲ್ಫೀನ್. ನನ್ನ ಕಣ್ಣೆದುರಿಗೆ."

"ಹನ್ನೊಂದು ಎಲ್ಲಿ? ಹನ್ನೆರಡು ಸಹಿ ಇದೆ," ಎಂದಳು ಅವಳು.

ಅವನು ಎಣಿಸಿದ. ಅವಳು ಹೇಳಿದ್ದು ಸರಿ. ಎಲ್ಲರಿಗಿಂತ ಮೇಲೆ, ಯಜಮಾನರ ಜಾಗದಲ್ಲಿ, ಕವಲೊಡೆದ ಬಾಲದ ಸಹಿ, ಶಾಯಿ ಇನ್ನೂ ಹಸಿ. ಹೆಣದ ಸುತ್ತ ಹನ್ನೊಂದು ಜನ ಕೂತಿರುವಾಗ ಪಾಪ, ಅವರಾದರೂ ಇನ್ನೇನು ಮಾಡಿಯಾರು? ಆ ಸಹಿಯ ಪಕ್ಕದ ಹಳದಿ ಕಲೆ ಉಳಿದ ಹನ್ನೊಂದಕ್ಕಿಂತಲೂ ದೊಡ್ಡದಾಗಿತ್ತು.